ಸೌರಾಷ್ಟ್ರದಿಂದ ಪುಲಿಗೆರೆಗೆ: ಶರಣ ಆದಯ್ಯನವರು

ಹನ್ನೆರಡನೆಯ ಶತಮಾನದ ಶರಣರ ನಾಮಾವಳಿಯನ್ನು ಒಮ್ಮೆ ಊರುಗಳ ಹೆಸರಿನೊಡನೆ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವರಲ್ಲಿ ಅನೇಕರು ಹುಟ್ಟಿದ ನೆಲವನ್ನು ಬಿಟ್ಟು ಬಂದವರು. ಮೋಳಿಗೆಯ ಮಾರಯ್ಯನವರೂ ಬೊಂತಾದೇವಿಯವರೂ ಕಾಶ್ಮೀರದಿಂದ ಬಂದರೆಂದು ಪರಂಪರೆ ಹೇಳುತ್ತದೆ. ಮರುಳಶಂಕರದೇವರು ಅದಕ್ಕೂ ಆಚೆಯ ಅಫಘಾನಿಸ್ತಾನದವರೆಂಬ ನಂಬಿಕೆಯುಂಟು. ಉರಿಲಿಂಗಪೆದ್ದಿಗಳ ಹೆಸರಿನಲ್ಲೇ ತೆಲುಗಿನ ಸೊಗಡಿದೆ. ಇವರೆಲ್ಲರನ್ನೂ ಸೆಳೆದದ್ದು ಶರಣಧರ್ಮ, ಅವರ ಬಾಯಲ್ಲಿ ನುಡಿದದ್ದು ಕನ್ನಡ. ಆದರೆ ಈ ಬಂದವರ ಸಾಲಿನಲ್ಲಿ ಒಬ್ಬರು ಮಾತ್ರ ತಾವು ಎಲ್ಲಿಂದ ಬಂದೆವೆಂಬುದನ್ನು ತಮ್ಮ ಪ್ರತಿಯೊಂದು ವಚನದ ಅಂಕಿತದಲ್ಲಿಯೇ ಇಟ್ಟುಹೋಗಿದ್ದಾರೆ. ಅವರೇ ‘ಸೌರಾಷ್ಟ್ರ ಸೋಮೇಶ್ವರ’ ಎಂಬ ಅಂಕಿತದ ಆದಯ್ಯನವರು.

ಆದಯ್ಯನವರ ಹೆಸರನ್ನು ಕೇಳದ ಭಕ್ತರು ಕಡಿಮೆ. ಆದರೆ ಆ ಹೆಸರಿನೊಡನೆ ಮನಸ್ಸಿಗೆ ಬರುವುದು ಒಂದೇ ಚಿತ್ರ: ಸೌರಾಷ್ಟ್ರಕ್ಕೆ ಹೋಗಿ ಸೋಮನಾಥನನ್ನು ಪುಲಿಗೆರೆಗೆ ಕರೆತಂದ ವೀರಭಕ್ತ. ಪುರಾಣಪ್ರವಚನಗಳಲ್ಲಿ ಹೇಳುವುದೂ ಇದನ್ನೇ, ಕೇಳುವವರು ಬಯಸುವುದೂ ಇದನ್ನೇ. ಅವರು ವಚನಕಾರರೂ ಆಗಿದ್ದರು, ಅವರ ಸುಮಾರು 400 ವಚನಗಳು ಇಂದಿಗೂ ಉಳಿದುಬಂದಿವೆ ಎಂಬ ಮಾತು ಆ ಕಥೆಯ ಅಬ್ಬರದಲ್ಲಿ ಹಿಂದೆ ಸರಿದಿದೆ. ಸಂಖ್ಯೆಯ ದೃಷ್ಟಿಯಿಂದಲೇ ನೋಡಿದರೂ ಇಷ್ಟು ವಚನಗಳು ದೊರೆತಿರುವ ಶರಣರು ಬೆರಳೆಣಿಕೆಯವರು. ಪರನಾಡಿನಿಂದ ಬಂದ ವರ್ತಕನೊಬ್ಬ ಕನ್ನಡದ ಇಷ್ಟು ದೊಡ್ಡ ವಚನಕಾರನಾದುದು ದೇವರನ್ನು ತಂದ ಪವಾಡಕ್ಕಿಂತ ಕಡಿಮೆಯದಲ್ಲ.

ಅವರು ಬಂದು ನೆಲೆಸಿದ ಊರೂ ಸಾಮಾನ್ಯವಾದುದಲ್ಲ. ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರವೇ ಅಂದಿನ ಪುಲಿಗೆರೆ. ಪುಲಿಗೆರೆ ಮುನ್ನೂರು ಎಂಬ ನಾಡಿಗೆ ಅದು ತಲೆನಗರ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಯಾವುದೆಂದು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ನಾಲ್ಕು ಊರುಗಳನ್ನು ಹೆಸರಿಸುತ್ತದೆ. ಮುಂದಿನ ಶತಮಾನದಲ್ಲಿ ಪಂಪಮಹಾಕವಿಯು ತನ್ನ ಭಾರತಕಾವ್ಯ ಪುಲಿಗೆರೆಯ ತಿರುಳ್ಗನ್ನಡದಲ್ಲಿ ಮೂಡಿದೆಯೆಂದು ಹೆಮ್ಮೆಪಡುತ್ತಾನೆ. ಅದಕ್ಕೂ ಮೊದಲು, ಸುಮಾರು 725ರ ವೇಳೆಗೆ, ಬಾದಾಮಿ ಚಾಳುಕ್ಯರ ಯುವರಾಜ ವಿಕ್ರಮಾದಿತ್ಯನು ಈ ಊರಿನ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಬರೆಸಿಕೊಟ್ಟ ಆಚಾರವ್ಯವಸ್ಥೆಯ ಶಾಸನವುಂಟು. ಅರಸನ ಅಧಿಕಾರಿಗಳು ಊರಿನವರಿಗೆ ಹೇಗೆ ನಡೆದುಕೊಳ್ಳಬೇಕು, ಊರಿನವರು ಅರಸನಿಗೆ ಏನನ್ನು ಸಲ್ಲಿಸಬೇಕು ಎಂಬುದನ್ನು ಆ ಶಾಸನ ವಿಧಿಸಿದೆ. ಶ್ರೇಣಿಗಳು, ಸುಂಕಗಳು, ಹಕ್ಕು ಬಾಧ್ಯತೆಗಳು ಬರಹಕ್ಕೆ ಬಂದಿದ್ದ ವ್ಯವಸ್ಥಿತ ನಗರ ಅದು. ಜೈನಧರ್ಮಕ್ಕೆ ಅದು ಬಹು ಹಳೆಯ ನೆಲೆ. ಶಂಖಜಿನಾಲಯಕ್ಕೆ ಅರಸರು ಬಿಟ್ಟ ದತ್ತಿಗಳ ಲೆಕ್ಕ ಅಲ್ಲಿನ ಕಲ್ಲುಗಳ ಮೇಲೆ ತುಂಬಿದೆ.

ಇಂಥ ಊರಿಗೆ ಸೌರಾಷ್ಟ್ರದ ವರ್ತಕನೊಬ್ಬ ಬಂದುದರಲ್ಲಿ ಆಶ್ಚರ್ಯವಿಲ್ಲ. ಪ್ರಭಾಸಪಟ್ಟಣದಿಂದ ಪುಲಿಗೆರೆಗೆ ಹಕ್ಕಿ ಹಾರುವ ನೇರದಲ್ಲಿಯೇ ಎಂಟುನೂರು ಕಿಲೋಮೀಟರುಗಳಿಗೂ ಹೆಚ್ಚಿನ ದೂರ. ಆದರೆ ಆ ಕಾಲದ ವ್ಯಾಪಾರಕ್ಕೆ ಅದು ಹೊಸ ದಾರಿಯಾಗಿರಲಿಲ್ಲ. ಅಯ್ಯಾವೊಳೆ ಐನೂರ್ವರ ಶಾಸನಗಳಲ್ಲಿ ಸ್ವದೇಶಿ, ಪರದೇಶಿ, ನಾನಾದೇಶಿ ಎಂಬ ಮಾತುಗಳು ಮರಳಿ ಮರಳಿ ಬರುತ್ತವೆ. ಗೋವೆಯ ಕದಂಬರ ದೊರೆಯೊಬ್ಬನು ಹಡಗೇರಿ ಸೋಮನಾಥನ ಯಾತ್ರೆಗೆ ಹೊರಟುದನ್ನು ಹನ್ನೊಂದನೆಯ ಶತಮಾನದ ತಾಮ್ರಶಾಸನ ಹೇಳುತ್ತದೆ. ಪಡುವಣ ಕಡಲ ಕರೆಯುದ್ದಕ್ಕೂ ಸರಕಿನೊಡನೆ ಭಕ್ತಿಯೂ ಸಾಗುತ್ತಿತ್ತು. ಇಂದಿನ ಕನ್ನಡದಲ್ಲಿ ‘ಪರದೇಶಿ’ ಎಂದರೆ ದಿಕ್ಕಿಲ್ಲದವನು ಎಂಬ ಅರ್ಥ ಬಂದುಬಿಟ್ಟಿದೆ. ಶಾಸನಗಳ ಕಾಲಕ್ಕೆ ಅದು ಸಂತೆಯಲ್ಲಿ ಗೌರವದಿಂದ ಕೂಗುತ್ತಿದ್ದ ಹೆಸರು. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿರುವ ನೆಲಮಂಗಲ, ಅರಿಶಿನಕುಂಟೆಗಳಂಥ ಊರುಗಳಲ್ಲಿ ದೂರದ ರಾಜ್ಯಗಳಿಂದ ದುಡಿಮೆಯನ್ನರಸಿ ಬಂದವರನ್ನು ಈಗ ಜನ ಯಾವ ಕಣ್ಣಿನಿಂದ ಕಾಣುತ್ತಾರೆಂಬುದನ್ನು ನೆನೆದರೆ ಆ ಪದ ನಡೆದುಬಂದ ದಾರಿ ಅರ್ಥವಾದೀತು.

ಆದಯ್ಯನವರ ಕಥೆಯನ್ನು ಮೊದಲು ವಿಸ್ತಾರವಾಗಿ ಹಾಡಿದವನು ಹಂಪೆಯ ಹರಿಹರ, ತನ್ನ ಆದಯ್ಯನ ರಗಳೆಯಲ್ಲಿ. ಅವನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ಅದೇ ವಸ್ತುವನ್ನು ತೆಗೆದುಕೊಂಡು ಸೋಮನಾಥ ಚರಿತೆ ಎಂಬ ಷಟ್ಪದಿ ಕಾವ್ಯವನ್ನು ರಚಿಸಿದನು. ಸೌರಾಷ್ಟ್ರದ ಘೋರದತ್ತ ಮತ್ತು ಪುಣ್ಯವತಿಯರ ಮಗ ಆದಯ್ಯ. ವ್ಯಾಪಾರಕ್ಕಾಗಿ ಪುಲಿಗೆರೆಗೆ ಬರುತ್ತಾರೆ. ಅಲ್ಲಿನ ಜೈನ ವರ್ತಕ ಪಾರಿಸಸೆಟ್ಟಿಯ ಮಗಳು ಪದ್ಮಾವತಿ ಅವರನ್ನು ಕಂಡು ಒಲಿಯುತ್ತಾಳೆ, ಅವರೂ ಒಲಿಯುತ್ತಾರೆ. ಆಕೆ ಶಿವದೀಕ್ಷೆ ಪಡೆಯುತ್ತಾಳೆ, ಮದುವೆಯಾಗುತ್ತದೆ, ಮರಳಿ ಹೋಗಬೇಕಾಗಿದ್ದ ವರ್ತಕ ಮಾವನ ಊರಿನಲ್ಲಿಯೇ ನೆಲೆ ನಿಲ್ಲುತ್ತಾನೆ. ಹೀಗೆ ಸಾಗುತ್ತಿದ್ದ ಸಂಸಾರದಲ್ಲಿ ಒಂದು ದಿನ ಶಿವಶರಣರಿಗೆಂದು ಸಿದ್ಧವಾಗಿದ್ದ ಅಡುಗೆಯನ್ನು ಜೈನ ಮುನಿಗಳಿಗೆ ಬಡಿಸಲಾಗುತ್ತದೆ. ಹಸಿದು ಬಂದ ಶರಣರಿಗೆ ಅನ್ನವಿಲ್ಲದಂತಾಗುತ್ತದೆ. ಆದಯ್ಯನವರು ಸಂಕಟದಿಂದ ಕುದಿಯುತ್ತಾರೆ. ಮಾತಿಗೆ ಮಾತು ಬೆಳೆಯುತ್ತದೆ. ಸೌರಾಷ್ಟ್ರದ ಸೋಮನಾಥನನ್ನೇ ಕರೆತಂದು ಊರಿನ ಸುರಹೊನ್ನೆಯ ಬಸದಿಯಲ್ಲಿ ನಿಲ್ಲಿಸುವೆನೆಂದು ಪಣತೊಟ್ಟು ಹೊರಡುತ್ತಾರೆ. ದಾರಿಯಲ್ಲಿ ಸೋಮನಾಥನೇ ಕರುಣಿಸಿ ಅವರೊಡನೆ ಪುಲಿಗೆರೆಗೆ ಬರುತ್ತಾನೆ, ಬಸದಿ ಸೋಮನಾಥನ ಮನೆಯಾಗುತ್ತದೆ. ಕೊನೆಯಲ್ಲಿ ಆದಯ್ಯನವರು ಆ ದೇವನಲ್ಲಿಯೇ ಒಂದಾಗುತ್ತಾರೆ.

ಕಥೆಯ ಮೂಲದಲ್ಲಿರುವುದು ಒಂದು ಹೊತ್ತಿನ ಊಟ ಎಂಬುದನ್ನು ಗಮನಿಸದೆ ಮುಂದೆ ಹೋಗಲಾಗದು. ಇಲ್ಲಿ ಅರಸರ ಯುದ್ಧವಿಲ್ಲ, ಪಂಡಿತರ ವಾದಸಭೆಯೂ ಮೊದಲಿಗೆ ಇಲ್ಲ. ಶರಣಧರ್ಮದಲ್ಲಿ ಜಂಗಮದಾಸೋಹಕ್ಕಿರುವ ಸ್ಥಾನವನ್ನು ಬಲ್ಲವರಿಗೆ ಆ ನೋವಿನ ಆಳ ತಿಳಿಯುತ್ತದೆ. ಜಂಗಮನಿಗೆ ಮೀಸಲಾದ ಪದಾರ್ಥ ಬೇರೆಯವರ ಪಾಲಾದರೆ ಭಕ್ತನಿಗೆ ಅದು ಲಿಂಗಕ್ಕೆ ತಪ್ಪಿದ ಅರ್ಪಿತ. ಆದರೆ ಅದರ ಇನ್ನೊಂದು ಮುಖವೂ ಉಂಟು. ಆ ಮನೆಯವರಿಗೂ ಮುನಿಗಳಿಗೆ ಆಹಾರದಾನ ಮಾಡುವುದು ತಲೆತಲಾಂತರದ ಧರ್ಮ. ಅವರ ಕಣ್ಣಿಗೆ ತಾವು ಮಾಡಿದುದು ಪುಣ್ಯಕಾರ್ಯ. ಎರಡು ಧರ್ಮಗಳಲ್ಲಿಯೂ ಅನ್ನ ನೀಡುವುದೇ ದೊಡ್ಡ ವ್ರತವಾಗಿರುವಾಗ ಒಂದೇ ಅಡುಗೆಮನೆಯಲ್ಲಿ ಯಾರಿಗೆ ಮೊದಲು ಬಡಿಸಬೇಕೆಂಬ ಪ್ರಶ್ನೆ ಎದ್ದಿತು. ಹೊರಗಿನಿಂದ ಬಂದ ಅಳಿಯನಿಗೆ ಆ ಮನೆಯಲ್ಲಿ ಒಲೆಯ ಮೇಲಿನ ಹಕ್ಕು ಎಷ್ಟು? ಹರಿಹರನ ರಗಳೆಯನ್ನು ಶ್ರದ್ಧೆಯಿಂದ ಓದುವವರು ಪದ್ಮಾವತಿಯನ್ನೂ ನೆನೆಯಬೇಕು. ತವರಿನ ಧರ್ಮವನ್ನು ಬಿಟ್ಟು ಬಂದವಳು ಆಕೆ. ತವರು ಮಾತ್ರ ಅದೇ ಊರಿನಲ್ಲಿ ಕಣ್ಣೆದುರಿಗೇ ಇತ್ತು. ಪತಿಯ ಪಣಕ್ಕೂ ತಂದೆಯ ಮನೆಗೂ ನಡುವೆ ಆಕೆ ನಿಂತ ದಿನಗಳನ್ನು ಯಾವ ಕವಿಯೂ ಸಾಕಷ್ಟು ಹಾಡಿಲ್ಲ.

ಕಾವ್ಯದ ಮಾತು ಹೀಗಾದರೆ ಇತಿಹಾಸದ ಸಾಕ್ಷ್ಯವೇನು? ಅದು ಅನಿರೀಕ್ಷಿತವಾದ ಒಂದು ಕಡೆಯಿಂದ ದೊರೆಯುತ್ತದೆ. ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನಲ್ಲಿ ಸುಮಾರು 1200ರ ದೊಡ್ಡ ಶಾಸನವೊಂದಿದೆ. ಏಕಾಂತದ ರಾಮಯ್ಯಗಳು ಜೈನರೊಡನೆ ಪಣವೊಡ್ಡಿ ತಮ್ಮ ಶಿರವನ್ನೇ ಅರ್ಪಿಸಿ ಮರಳಿ ಪಡೆದರೆಂಬ ವೃತ್ತಾಂತವನ್ನೂ, ಬಿಜ್ಜಳನು ಅವರಿಗೆ ಜಯಪತ್ರ ಕೊಟ್ಟುದನ್ನೂ ಹೇಳುವ ಶಾಸನ ಅದು. ಆಳಂದೆಯಲ್ಲಿ ಹುಟ್ಟಿದ ರಾಮಯ್ಯಗಳು ಅಬ್ಬಲೂರಿಗೆ ಬರುವ ಮೊದಲು ಹುಲಿಗೆರೆಗೆ ಹೋಗಿ ಸೋಮನಾಥನನ್ನು ಆರಾಧಿಸುತ್ತಿದ್ದರೆಂದೂ, ಆ ಸೋಮನಾಥನೇ ಅವರಿಗೆ ಅಬ್ಬಲೂರಿಗೆ ಹೋಗೆಂದು ಆಣತಿಯಿತ್ತನೆಂದೂ ಅಲ್ಲಿ ಬರೆದಿದೆ. ಬಿಜ್ಜಳನ ಆಳ್ವಿಕೆ 1157ರಿಂದ 1167ರವರೆಗಿನದು. ಅಂದರೆ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆ ಬೆಳಗುತ್ತಿದ್ದ ಹೊತ್ತಿಗೆ ಪುಲಿಗೆರೆಯ ಸೋಮನಾಥ ದೂರದೂರದ ಭಕ್ತರು ಅರಸಿ ಬರುವಷ್ಟು ಪ್ರಸಿದ್ಧನಾಗಿದ್ದನು. ಆ ದೇವನನ್ನು ನೆಲೆಗೊಳಿಸಿದ ಕೀರ್ತಿ ಆದಯ್ಯನವರದೆಂಬ ಪರಂಪರೆಯನ್ನು ಒಪ್ಪಿದರೆ ಅವರು ಬಸವಣ್ಣನವರ ಹಿರಿಯ ಸಮಕಾಲೀನರಾಗಿರಬೇಕು. ಕಲ್ಯಾಣದಲ್ಲಿ ನಡೆದುದಕ್ಕೆ ಪುಲಿಗೆರೆ ಒಂದು ಪೂರ್ವರಂಗವಾಗಿತ್ತೆಂಬುದು ಈ ಲೆಕ್ಕದಿಂದ ಹೊರಡುವ ಮಾತು.

ಇದೇ ಕಾಲದಲ್ಲಿ ಆದಯ್ಯನವರ ತಾಯ್ನೆಲದಲ್ಲಿ ಏನು ನಡೆಯುತ್ತಿತ್ತೆಂಬುದೂ ಗಮನಾರ್ಹ. ಪ್ರಭಾಸದ ಸೋಮನಾಥ ದೇವಾಲಯ 1026ರ ಆರಂಭದಲ್ಲಿ ಘಜನಿಯ ಮಹಮೂದನ ದಾಳಿಗೆ ಸಿಲುಕಿತು. ಆ ಬಳಿಕ ಜೀರ್ಣೋದ್ಧಾರಗಳು ನಡೆದವು. ಅವುಗಳಲ್ಲಿ ಬಹು ಹೆಸರಾದುದು ಗುಜರಾತಿನ ಚಾಳುಕ್ಯ ದೊರೆ ಕುಮಾರಪಾಲನ ಕಾಲದ್ದು. ಪಾಶುಪತ ಆಚಾರ್ಯ ಭಾವಬೃಹಸ್ಪತಿಯ ಪ್ರೇರಣೆಯಿಂದ ದೊರೆ ಈ ಕಾರ್ಯ ಮಾಡಿಸಿದನೆಂದು 1169ರ ಶಾಸನ ತಿಳಿಸುತ್ತದೆ. ಈ ಕುಮಾರಪಾಲ ಜೈನಾಚಾರ್ಯ ಹೇಮಚಂದ್ರರ ಶಿಷ್ಯನೆಂದು ಪ್ರಸಿದ್ಧನಾದವನು! ಅಲ್ಲಿ ಜೈನಗುರುವಿನ ಮಾತನ್ನು ಮನ್ನಿಸುವ ದೊರೆ ಸೋಮನಾಥನ ಗುಡಿಯನ್ನು ಎತ್ತಿ ಕಟ್ಟಿಸುತ್ತಿದ್ದಾನೆ. ಇಲ್ಲಿ ಅದೇ ಸೋಮನಾಥನ ಹೆಸರಿನಲ್ಲಿ ಜೈನರಿಗೂ ಶೈವರಿಗೂ ಜಗಳ. ಶೈವಕ್ಕೂ ಜೈನಕ್ಕೂ ಸಹಜವಾಗಿಯೇ ವೈರವೆಂದು ಹೇಳುವವರು ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಜಗಳ ಧರ್ಮಗ್ರಂಥಗಳಲ್ಲಿರಲಿಲ್ಲ, ಒಂದು ನಗರದ ಸಂಪತ್ತು, ದತ್ತಿ, ವರ್ತಕರ ಒಲವು ಯಾರ ಕಡೆಗೆ ಎಂಬುದರಲ್ಲಿತ್ತು. ಅದುವರೆಗೆ ಬಸದಿಗಳಿಗೆ ಹರಿಯುತ್ತಿದ್ದ ಸೆಟ್ಟಿಗಳ ಹೊನ್ನು ಹೊಸ ಭಕ್ತಿಪಂಥದ ಕಡೆಗೆ ತಿರುಗಿದಾಗ ಇಂಥ ಘರ್ಷಣೆಗಳು ಹುಟ್ಟಿಕೊಂಡವು.

ಬಸದಿಯ ಪ್ರಸಂಗವನ್ನು ಮರೆಮಾಚಬೇಕಾಗಿಲ್ಲ, ಮೆರೆಸಬೇಕಾಗಿಯೂ ಇಲ್ಲ. ಹರಿಹರನೂ ರಾಘವಾಂಕನೂ ಅದನ್ನು ವಿಜಯವಾಗಿಯೇ ಹಾಡಿದ್ದಾರೆ. ಅವರ ಕಾಲದ ಭಕ್ತಕವಿಗಳಿಗೆ ಅದು ಸಹಜವಾದ ದನಿ. ಆದರೆ ಪುಲಿಗೆರೆಯ ನೆಲ ಹೇಳುವುದು ಸಂಪೂರ್ಣ ವಿಜಯದ ಕಥೆಯನ್ನಲ್ಲ. ಲಕ್ಷ್ಮೇಶ್ವರದಲ್ಲಿ ಶಂಖಬಸದಿಯೂ ಅನಂತನಾಥ ಬಸದಿಯೂ ಇಂದಿಗೂ ನಿಂತಿವೆ. ಶಂಖಬಸದಿಯ ಸಹಸ್ರಕೂಟ ಜಿನಬಿಂಬ ಕನ್ನಡನಾಡಿನ ಅಪೂರ್ವ ಶಿಲ್ಪಗಳಲ್ಲೊಂದು. ಆದಯ್ಯನವರ ಬಳಿಕ ಎಂಟು ಶತಮಾನಗಳಿಗೂ ಹೆಚ್ಚು ಕಾಲ ಸೋಮನಾಥನೂ ತೀರ್ಥಂಕರರೂ ಒಂದೇ ಊರಿನಲ್ಲಿದ್ದಾರೆ. ಅವರೊಡನೆ ಆದಿಲಶಾಹಿ ಕಾಲದ ಮಸೀದಿಯೂ ಸೇರಿಕೊಂಡಿದೆ. ಕಾವ್ಯಗಳು ಒಂದು ದಿನದ ಪಣವನ್ನು ಹಾಡಿದವು. ಆಮೇಲಿನ ಸಹಬಾಳುವೆ ಅವುಗಳ ವಸ್ತುವಾಗಲಿಲ್ಲ.

ಇಷ್ಟಾದರೂ ವಿಚಾರವಂತ ಭಕ್ತರ ಮನಸ್ಸಿನಲ್ಲಿ ಇನ್ನೂ ಕಠಿಣವಾದ ಒಂದು ಪ್ರಶ್ನೆ ಉಳಿಯುತ್ತದೆ. ಶರಣಧರ್ಮದ ಜೀವವೇ ಇಷ್ಟಲಿಂಗ. ಅಂಗೈಯಲ್ಲಿ ದೇವರನ್ನು ಪಡೆದವನಿಗೆ ಗುಡಿಯ ಹಂಗಿಲ್ಲ. ಸ್ಥಾವರ ಅಳಿಯುವುದು, ಜಂಗಮ ಉಳಿಯುವುದು ಎಂಬ ತತ್ತ್ವವನ್ನು ಬಸವಣ್ಣನವರು ಸಾರಿದುದು ಎಲ್ಲರಿಗೂ ತಿಳಿದದ್ದೇ. ಹೀಗಿರುವಾಗ ನೂರಾರು ಗಾವುದ ನಡೆದು ಸ್ಥಾವರದೇವನನ್ನು ತಂದು ನಿಲ್ಲಿಸಿದವರನ್ನು ಶರಣರ ಸಾಲಿನಲ್ಲಿ ಎಲ್ಲಿಡಬೇಕು?

ಇದಕ್ಕೆ ಉತ್ತರವನ್ನು ಎರಡು ಕಡೆ ಹುಡುಕಬಹುದು. ಮೊದಲನೆಯದು ಕಥೆಗಾರನಲ್ಲಿ. ಹರಿಹರನು ದೋರಸಮುದ್ರದ ಹೊಯ್ಸಳರ ಕರಣಿಕವೃತ್ತಿಯನ್ನು ತೊರೆದು ಹಂಪೆಗೆ ಮರಳಿ, ವಿರೂಪಾಕ್ಷನ ಸನ್ನಿಧಿಯಲ್ಲಿ ಹೂವೆತ್ತಿ ಪೂಜಿಸುತ್ತ ಬಾಳಿದವನೆಂದು ಪರಂಪರೆ ಹೇಳುತ್ತದೆ. ಗುಡಿಯ ದೇವರು ಅವನಿಗೆ ಕಲ್ಲಲ್ಲ, ಮಾತಾಡುವ, ಮುನಿಯುವ, ಎದ್ದು ಬರುವ ಜೀವಂತ ಒಡೆಯ. ಅಂಥ ಕವಿಗೆ ಆದಯ್ಯನವರ ಬಾಳಿನಲ್ಲಿ ಕಂಡದ್ದು ದೇವರು ಭಕ್ತನ ಬೆನ್ನ ಹಿಂದೆ ನಡೆದುಬಂದ ಪ್ರಸಂಗ. ಅವನು ನಮ್ಮ ಮುಂದಿಟ್ಟಿರುವುದು ಹಂಪೆಯ ಗುಡಿಯಿಂದ ಕಂಡ ಆದಯ್ಯನವರನ್ನು. ಇದರಲ್ಲಿ ಸುಳ್ಳಿಲ್ಲ, ಆದರೆ ಪೂರ್ಣವಾದ ಆದಯ್ಯನವರೂ ಇಲ್ಲ.

ಎರಡನೆಯದು, ಮುಖ್ಯವಾದುದು, ಅವರ ವಚನಗಳಲ್ಲಿ. ರಗಳೆಯನ್ನು ಓದಿ ವಚನಗಳಿಗೆ ಬಂದವರಿಗೆ ಬೇರೊಬ್ಬ ವ್ಯಕ್ತಿ ಎದುರಾದಂತೆ ಅನಿಸುತ್ತದೆ. ಅಲ್ಲಿ ಪಣ ತೊಟ್ಟ ಅಳಿಯನಿಲ್ಲ. ಷಟ್‌ಸ್ಥಲವನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸುವ ತತ್ತ್ವಜ್ಞಾನಿಯಿದ್ದಾನೆ. ಗುರು ಲಿಂಗ ಜಂಗಮಗಳ ಸಂಬಂಧ, ಅಂಗವೂ ಲಿಂಗವೂ ಒಂದಾಗುವ ಬಗೆ, ಅರಿವಿಗೂ ಆಚಾರಕ್ಕೂ ಇರಬೇಕಾದ ಹೊಂದಿಕೆ, ತೋರಿಕೆಯ ಭಕ್ತಿಯ ನಿರಾಕರಣೆ ಇವು ಅವರ ವಚನಗಳ ಬಹುಪಾಲನ್ನು ತುಂಬಿವೆ. ಆಗಮ ಉಪನಿಷತ್ತುಗಳ ಪರಿಭಾಷೆ ಅವರಿಗೆ ಸಲೀಸು. ಬಸವಣ್ಣನವರ ವಚನಗಳಲ್ಲಿರುವ ಅಳಲು, ಅಕ್ಕನವರ ವಚನಗಳಲ್ಲಿರುವ ಹಂಬಲ ಇಲ್ಲಿ ಕಡಿಮೆ. ತರ್ಕದ ಬಿಗಿ ಹೆಚ್ಚು. ಪ್ರವಚನದಲ್ಲಿ ಇವನ್ನು ಎತ್ತಿಕೊಳ್ಳುವುದು ಅಪರೂಪವಾದದ್ದಕ್ಕೆ ಈ ಬಿಗಿಯೂ ಒಂದು ಕಾರಣವಿರಬಹುದು. ಕೇಳಿದೊಡನೆ ಕಣ್ಣೀರು ತರಿಸುವ ವಚನಗಳಲ್ಲ ಇವು. ಕುಳಿತು ಓದಿ, ಪುಸ್ತಕ ಮುಚ್ಚಿ, ಮತ್ತೆ ತೆರೆಯಬೇಕಾದವು.

ಆ ವಚನಗಳ ಕೊನೆಯಲ್ಲಿ ಬರುವ ‘ಸೌರಾಷ್ಟ್ರ ಸೋಮೇಶ್ವರ’ ಯಾರು? ಬಸದಿಯ ಪಣದಲ್ಲಿ ಗೆದ್ದು ಬಂದ ಸ್ಥಾವರಮೂರ್ತಿಯೇ? ಬಸವಣ್ಣನವರ ಕೂಡಲಸಂಗಮದೇವ ಕೃಷ್ಣಾ ಮಲಪಹಾರಿಗಳ ಸಂಗಮದಲ್ಲಿರುವ ಗುಡಿಯ ದೇವರೂ ಹೌದು, ಬಸವಣ್ಣನವರ ಅಂಗೈಯ ಇಷ್ಟಲಿಂಗವೂ ಹೌದು. ಅಕ್ಕನವರ ಚೆನ್ನಮಲ್ಲಿಕಾರ್ಜುನ ಶ್ರೀಶೈಲದಲ್ಲಿದ್ದಾನೆ, ಆದರೆ ಅಕ್ಕನವರು ಅವನನ್ನು ಕಂಡದ್ದು ಶ್ರೀಶೈಲ ಸೇರುವ ಮೊದಲೇ. ಶರಣರ ಅಂಕಿತಗಳಲ್ಲಿ ಒಂದು ಊರಿನ ಗುಡಿಯ ಹೆಸರು ಹೊರಟು ಬಂದು, ವಚನದ ಕೊನೆಗೆ ಮುಟ್ಟುವ ಹೊತ್ತಿಗೆ ಗುಡಿಯನ್ನು ಕಳಚಿಕೊಂಡು ನಿಲ್ಲುತ್ತದೆ. ಸ್ಥಾವರದ ಹೆಸರು ಜಂಗಮವಾಗುವ ಬಗೆ ಇದು. ಆದಯ್ಯನವರಲ್ಲಿ ಈ ಕ್ರಿಯೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅವರು ‘ಪುಲಿಗೆರೆಯ ಸೋಮೇಶ್ವರ’ ಎಂದು ಅಂಕಿತವಿಡಬಹುದಾಗಿತ್ತು. ತಾವೇ ತಂದು ನಿಲ್ಲಿಸಿದ ದೇವರು, ತಾವೇ ಬೆಳಗಿಸಿದ ಊರು. ಹಾಗೆ ಇಟ್ಟಿದ್ದರೆ ಊರಿನವರೂ ಸಂತೋಷಪಡುತ್ತಿದ್ದರು. ಹಾಗೆ ಇಡಲಿಲ್ಲ. ಪುಲಿಗೆರೆಯ ಗುಡಿಯಲ್ಲಿ ಸೋಮೇಶ್ವರ ನಿಂತ ಮೇಲೂ ಅವರ ವಚನದಲ್ಲಿ ಅವನು ಸೌರಾಷ್ಟ್ರದವನಾಗಿಯೇ ಉಳಿದ.

ಈ ಒಂದು ಪದದಲ್ಲಿ ಹೊರನಾಡಿನಲ್ಲಿ ಬಾಳಿದವರ ಮನಸ್ಸು ಅಡಗಿದೆ. ಹುಟ್ಟಿದ ನೆಲ ಬಿಟ್ಟವನಿಗೆ ಆ ನೆಲದ ಹೆಸರು ಪ್ರಾರ್ಥನೆಯಾಗುತ್ತದೆ. ಸುಮಾರು 400 ಸಲ, ಪ್ರತಿಯೊಂದು ವಚನದ ತುದಿಯಲ್ಲಿ, ಅವರು ಸೌರಾಷ್ಟ್ರವನ್ನು ಉಚ್ಚರಿಸಿದ್ದಾರೆ. ಆದರೆ ಅದರ ಹಿಂದೆ ಬರುವ ಮಾತೆಲ್ಲ ಕನ್ನಡ. ತಾಯ್ನುಡಿಯಲ್ಲಿ ಅವರು ಏನನ್ನಾದರೂ ಬರೆದಿದ್ದರೆ ಅದು ಉಳಿದಿಲ್ಲ; ಉಳಿದುದೆಲ್ಲ ಬಂದ ಊರಿನ ನುಡಿಯಲ್ಲಿದೆ. ಪಂಪ ಮೆಚ್ಚಿದ ತಿರುಳ್ಗನ್ನಡದ ಊರಿನಲ್ಲಿಯೇ, ಪಂಪನಿಗೆ ಸುಮಾರು ಇನ್ನೂರು ವರ್ಷಗಳ ತರುವಾಯ, ಸೌರಾಷ್ಟ್ರದ ವರ್ತಕನೊಬ್ಬ ಕನ್ನಡದಲ್ಲಿ ಷಟ್‌ಸ್ಥಲವನ್ನು ನುಡಿದ. ಸಂತೆಯಲ್ಲಿ ಲೆಕ್ಕ ಹೇಳುವಷ್ಟು ಕನ್ನಡ ಯಾವ ವರ್ತಕನಿಗಾದರೂ ಬರುತ್ತದೆ. ಲಿಂಗಾಂಗ ಸಾಮರಸ್ಯದಂಥ ಸೂಕ್ಷ್ಮವಾದ ಅನುಭಾವವನ್ನು ಬಿಡಿಸಿ ಹೇಳುವ ಕನ್ನಡ ಊರಿನವರೊಡನೆ ಕುಳಿತು, ಉಂಡು, ಚರ್ಚಿಸಿ, ಜಗಳವಾಡಿ ಬಂದದ್ದೇ ಆಗಿರಬೇಕು. ಆ ಕಲಿಕೆಯಲ್ಲಿ ಪದ್ಮಾವತಿಯ ಪಾಲೂ, ಪಾರಿಸಸೆಟ್ಟಿಯ ಮನೆಯವರ ಪಾಲೂ ಇದ್ದೀತು. ಪಣ ತೊಟ್ಟದ್ದು ಯಾರ ಮೇಲೋ ಅವರ ಮನೆಯ ಮಾತೇ ಅವರ ವಚನಗಳ ಮಾತಾಯಿತು.

ಸಂಸ್ಕೃತದಲ್ಲಿ ಬರೆಯುವ ದಾರಿಯೂ ಅವರಿಗೆ ಮುಚ್ಚಿರಲಿಲ್ಲ. ಸೌರಾಷ್ಟ್ರದಿಂದ ಪುಲಿಗೆರೆಯವರೆಗೂ ವಿದ್ವಾಂಸರಿಗೆಲ್ಲ ತಿಳಿಯುವ ಭಾಷೆ ಅದು. ಹೊರನಾಡಿನವನೊಬ್ಬನಿಗೆ ಸುಲಭವಾದ ಆಶ್ರಯ. ಶಾಸ್ತ್ರದ ಆಧಾರಗಳನ್ನು ಬಲ್ಲವರಾದರೂ ಅವರು ಹೇಳಬೇಕಾದುದನ್ನು ಕನ್ನಡದಲ್ಲಿ ಹೇಳಿದರು. ಏಕೆಂದರೆ ಅವರ ಕೇಳುಗರು ಪಂಡಿತರಲ್ಲ, ಪುಲಿಗೆರೆಯ ಅಂಗಡಿಬೀದಿಯ ಜನ. ಶರಣಧರ್ಮ ಹೊರಗಿನಿಂದ ಬಂದವರಿಗೆ ಒಡ್ಡಿದ ಶರತ್ತು ಒಂದೇ, ಜನರ ಮಾತಿನಲ್ಲಿ ಆಡು ಎಂಬುದು. ಕುಲವನ್ನು ಕೇಳಲಿಲ್ಲ, ದೇಶವನ್ನು ಕೇಳಲಿಲ್ಲ. ಹಾಗೆ ಕೇಳದೆ ಇದ್ದುದರಿಂದಲೇ ಕನ್ನಡಕ್ಕೆ ಇಷ್ಟು ವಚನಗಳು ದಕ್ಕಿದವು.

ಈ ವಚನಗಳು ನಮ್ಮ ಕೈಗೆ ಬಂದ ದಾರಿಯಲ್ಲಿಯೂ ಊರು ಬಿಟ್ಟು ಊರಿಗೆ ಬಂದವರೊಬ್ಬರ ದುಡಿಮೆಯಿದೆ. ವಚನಪಿತಾಮಹರೆನಿಸಿದ ಫ.ಗು. ಹಳಕಟ್ಟಿಯವರು 1880ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ವಕೀಲರಾಗಿ ನೆಲೆಸಿದ್ದು ವಿಜಯಪುರದಲ್ಲಿ. ಅಲ್ಲಿ ಮನೆಮನೆ ತಿರುಗಿ ತಾಡೋಲೆಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು, ಬಳಿಕ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಹರಿಹರನ ರಗಳೆಗಳು ಬೆಳಕು ಕಂಡುದರಲ್ಲಿಯೂ ಅವರ ಶ್ರಮವಿದೆ. ಮುಂದೆ ಕರ್ನಾಟಕ ಸರ್ಕಾರ 1993ರಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯದಲ್ಲಿ ಆದಯ್ಯನವರ ವಚನಗಳು ಉಳಿದ ಶರಣರ ವಚನಗಳೊಡನೆ ಕೈಗೆಟುಕುವಂತಾದವು. ಆದರೂ ಮಠಗಳ ವಚನಗೋಷ್ಠಿಗಳಲ್ಲಿ ಹಾಡಿಕೆಗೆ ಬರುವ ವಚನಗಳ ಪಟ್ಟಿ ಮಾಡಿದರೆ ಇವರ ಹೆಸರು ಬಹಳ ಕೆಳಗೆ ಇರುತ್ತದೆ.

ಲಕ್ಷ್ಮೇಶ್ವರಕ್ಕೆ ಹೋದ ಭಕ್ತರು ಎತ್ತರವಾದ ಪ್ರಾಕಾರವನ್ನು ದಾಟಿ ಸೋಮೇಶ್ವರನ ದರ್ಶನ ಮಾಡುತ್ತಾರೆ. ಕಲ್ಯಾಣ ಚಾಳುಕ್ಯ ಶೈಲಿಯ ಆ ಗುಡಿಯ ಗರ್ಭಗೃಹದಲ್ಲಿರುವುದು ಎಲ್ಲ ಶಿವಾಲಯಗಳಲ್ಲಿ ಕಾಣುವಂಥ ಲಿಂಗವಲ್ಲ; ನಂದಿಯನ್ನೇರಿ ಕುಳಿತ ಶಿವಪಾರ್ವತಿಯರ ಮೂರ್ತಿ. ನಂದಿಯ ಮೇಲೆ ಕುಳಿತವರೆಂದರೆ ಪ್ರಯಾಣದಲ್ಲಿರುವವರು. ಎಲ್ಲಿಂದಲೋ ಹೊರಟು ಬಂದು, ಇನ್ನೂ ವಾಹನದಿಂದ ಇಳಿಯದ ದೇವರೆಂಬಂತೆ ಆ ದಂಪತಿಗಳು ಕಾಣುತ್ತಾರೆ. ಆದಯ್ಯನವರು ಸೌರಾಷ್ಟ್ರದಿಂದ ತಂದದ್ದು ಇದೇ ಮೂರ್ತಿಯೆಂದು ಊರಿನವರು ನಂಬುತ್ತಾರೆ. ಗುಡಿಯ ಆವರಣದಲ್ಲಿ ಮೆಟ್ಟಿಲುಗಳಿರುವ ದೊಡ್ಡ ಬಾವಿಯಿದೆ, ಸುತ್ತಲೂ ಶಾಸನದ ಕಲ್ಲುಗಳಿವೆ. ದರ್ಶನ ಮುಗಿಸಿದವರು ಅದೇ ಊರಿನ ಶಂಖಬಸದಿಗೂ ಹೋಗಿ ಬರಬಹುದು. ಜೊತೆಯಲ್ಲಿ ಆದಯ್ಯನವರ ವಚನಗಳ ಸಂಪುಟವಿದ್ದರೆ, ಅದನ್ನು ಪ್ರಾಕಾರದೊಳಗಿನ ನೆರಳಿನಲ್ಲಿ ಕುಳಿತು ಓದುವುದಕ್ಕೆ ಬೇಕಾದಷ್ಟು ಮೌನ ಅಲ್ಲಿ ಇನ್ನೂ ಇದೆ.